ಬಸುರಿಯ ಹಲ್ಲುನೋವು: ಅತ್ತೆ, ಗಂಡ, ತವರಿನವರು ಓದಬೇಕಾದದ್ದು

ನನ್ನ ಬಲಗಡೆಯ ಕೆಳದವಡೆಯಲ್ಲಿ ಒಂದು ಹಲ್ಲಿನ ಜಾಗ ಖಾಲಿ ಇದೆ. 2001ರಲ್ಲಿ ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ ಕೆಟ್ಟ ಹಲ್ಲು ಅದು. ಐದನೆಯ ತಿಂಗಳಲ್ಲಿ ನೋವು ಶುರುವಾಯಿತು. ‘ಬಸುರಿಯ ಹಲ್ಲು ಮುಟ್ಟಿಸಬಾರದು, ಸೂಜಿಯ ಔಷಧ ಕೂಸಿಗೆ ಇಳಿಯುತ್ತದೆ’ ಎಂದು ನಮ್ಮ ಅತ್ತೆ ಸುಣ್ಣದಲ್ಲಿ ತಿಕ್ಕಿದ ತಂಬಾಕನ್ನು ಹಲ್ಲಿನ ಮೇಲೆ ಇಟ್ಟರು. ಎಂಟರಲ್ಲಿ ಗಲ್ಲ ಊದಿ ಕಣ್ಣು ಅರ್ಧ ಮುಚ್ಚಿಕೊಂಡಿತು. ಪಟ್ಟಣದ ಒಂದು ದವಾಖಾನೆಗೆ ಹೋದರೆ, ಹೊಟ್ಟೆ ನೋಡಿದ ಕೂಡಲೇ ‘ಹೆರಿಗೆ ಆದ ಮೇಲೆ ಬಾ’ ಎಂದು ಬಾಗಿಲಿನಿಂದಲೇ ಕಳಿಸಿಬಿಟ್ಟರು. ಹೆರಿಗೆಯಾಯಿತು, ಬಾಣಂತನ ಮುಗಿಯಿತು, ಕೂಸಿಗೆ ಐದು ತಿಂಗಳಾದಾಗ ಮತ್ತೆ ಹೋದೆ. ಅಷ್ಟು ಹೊತ್ತಿಗೆ ಕೀಳುವುದೊಂದೇ ದಾರಿ ಉಳಿದಿತ್ತು.

ಈಗ ನಾನು ರೋಣ ತಾಲ್ಲೂಕಿನ ಒಂದು ಊರಿನಲ್ಲಿ ಆಶಾ ಕಾರ್ಯಕರ್ತೆ. 2009ರಿಂದ ಬಸುರಿಯರ ಮನೆ ಮನೆ ತಿರುಗುತ್ತಿದ್ದೇನೆ. ಈ ವರ್ಷ ನನ್ನ ಸೊಸೆಯೇ ಬಸುರಿ; ಅಂದರೆ ನಾನೇ ಈಗ ಆ ಅತ್ತೆ. ಹಲ್ಲಿನ ಬಗ್ಗೆ ಬುದ್ಧಿ ಹೇಳುವವರೆಲ್ಲ ಬಸುರಿಗೇ ಹೇಳುತ್ತಾರೆ: ಎರಡು ಹೊತ್ತು ಹಲ್ಲುಜ್ಜು, ಸಿಹಿ ಕಡಿಮೆ ಮಾಡು, ವೈದ್ಯರಿಗೆ ತೋರಿಸು. ಅವಳ ಕೈಯಲ್ಲಿ ಬ್ರಷ್ ಕೊಳ್ಳುವಷ್ಟು ದುಡ್ಡು ಇದೆಯೇ, ರಾತ್ರಿ ಬಚ್ಚಲಿನಲ್ಲಿ ದೀಪ ಇದೆಯೇ, ಗದಗಿಗೆ ಹೋಗಲು ಯಾರನ್ನು ಕೇಳಬೇಕು ಎಂದು ವಿಚಾರಿಸುವವರು ಕಡಿಮೆ. ಆದ್ದರಿಂದ ಈ ಬರಹ ಅವಳ ಸುತ್ತಮುತ್ತ ಇರುವವರಿಗೆ. ಬಸುರಿ ಓದಿದರೆ ಸಂತೋಷ, ಅತ್ತೆಯ ಕೈಗೆ ಕೊಟ್ಟರೆ ಇನ್ನೂ ಸಂತೋಷ.

ಒಸಡಿನಲ್ಲಿ ಆಗುವುದೇನು

ಬಸುರಿನಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಎಂಬ ಹಾರ್ಮೋನುಗಳು ಏರುತ್ತವೆ. ಒಸಡಿಗೆ ರಕ್ತ ಹೆಚ್ಚು ಹರಿಯುತ್ತದೆ. ಹಲ್ಲಿನ ಬುಡದಲ್ಲಿ ಅಂಟಿಕೊಂಡ ಬಿಳಿ ಪಾಚಿಯನ್ನು ಮೊದಲು ಸಹಿಸಿಕೊಂಡಿದ್ದ ಒಸಡು ಈಗ ಸಹಿಸುವುದಿಲ್ಲ. ಕೆಂಪಾಗಿ ಊದುತ್ತದೆ, ಬ್ರಷ್ ತಾಗಿದರೆ ರಕ್ತ ಬರುತ್ತದೆ. ಎರಡನೆಯ ತಿಂಗಳ ಸುಮಾರಿಗೆ ಕಾಣಿಸಿಕೊಂಡು ಎಂಟರ ಹೊತ್ತಿಗೆ ಜೋರಾಗಿ, ಹೆರಿಗೆಯ ನಂತರ ಇಳಿಯುತ್ತದೆ. ಕೆಲವರಿಗೆ ಎರಡು ಹಲ್ಲಿನ ನಡುವೆ ಕೆಂಪು ಗಂಟೊಂದು ಬೆಳೆದು ಮನೆಮಂದಿಯೆಲ್ಲ ಹೆದರುತ್ತಾರೆ. ಅದು ಕ್ಯಾನ್ಸರ್ ಅಲ್ಲ. ಹೆಚ್ಚಿನವರಲ್ಲಿ ಹೆರಿಗೆಯ ನಂತರ ತಾನಾಗಿಯೇ ಕುಗ್ಗುತ್ತದೆ. ಆದರೂ ವೈದ್ಯರಿಗೆ ಒಮ್ಮೆ ತೋರಿಸಿ ಅವರ ಬಾಯಿಂದಲೇ ಕೇಳಿಸಿಕೊಳ್ಳಿ.

‘ಕೂಸು ತಾಯಿಯ ಹಲ್ಲಿನ ಸುಣ್ಣ ಹೀರಿಕೊಳ್ಳುತ್ತದೆ, ಹೆರಿಗೆಗೆ ಒಂದು ಹಲ್ಲು ಹೋಗುವುದೇ’ ಎನ್ನುವುದನ್ನು ನಾನು ನೂರು ಮನೆಗಳಲ್ಲಿ ಕೇಳಿದ್ದೇನೆ. ಸುಳ್ಳು. ಕೂಸಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಊಟದಿಂದ ಹೋಗುತ್ತದೆ, ಊಟ ಸಾಲದಿದ್ದರೆ ಅವಳ ಮೂಳೆಯಿಂದ ಹೋಗುತ್ತದೆ, ಹಲ್ಲಿನಿಂದ ಹೋಗುವುದಿಲ್ಲ. ಈ ಮಾತಿನ ಮೇಲೆ ನನಗೆ ಸಿಟ್ಟು ಬರುವುದಕ್ಕೆ ಕಾರಣವಿದೆ. ಹಲ್ಲು ಹೋಗುವುದು ಸಹಜ ಎಂದು ಒಪ್ಪಿಕೊಂಡ ಮನೆಯವರು ದವಾಖಾನೆಗೆ ಏಕೆ ಹೊರಡುತ್ತಾರೆ?

ಇನ್ನೊಂದು ವಿಷಯವನ್ನು ಅಳೆದು ತೂಗಿ ಹೇಳಬೇಕು. ಒಸಡಿನ ರೋಗ ಜೋರಾಗಿರುವ ತಾಯಂದಿರಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಕೂಸಿನ ತೂಕ ಕಡಿಮೆ ಇರುವುದು ಹೆಚ್ಚು ಎಂದು ಅನೇಕ ಅಧ್ಯಯನಗಳಲ್ಲಿ ಕಂಡಿದೆ. ಒಸಡಿಗೆ ಚಿಕಿತ್ಸೆ ಮಾಡಿಸಿದರೆ ಅದು ತಪ್ಪುತ್ತದೆ ಎಂಬುದು ಮಾತ್ರ ಖಚಿತವಾಗಿಲ್ಲ. ಹಾಗಾಗಿ ಮನೆಗಳಲ್ಲಿ ನಾನು ಆ ಭರವಸೆ ಕೊಡುವುದಿಲ್ಲ. ಚಿಕಿತ್ಸೆಯಿಂದ ಕೂಸಿಗೆ ತೊಂದರೆಯಿಲ್ಲ, ತಾಯಿ ನೋವಿಲ್ಲದೆ ಅಗಿದು ಉಣ್ಣುತ್ತಾಳೆ ಎಂದಷ್ಟೇ ಹೇಳುತ್ತೇನೆ. ಅಷ್ಟಕ್ಕೇ ಒಪ್ಪದವರು ಹೆದರಿಸಿದರೂ ಒಪ್ಪುವುದಿಲ್ಲ.

ಬಾಯಿ ಬಿಟ್ಟು ಹೇಳುವುದಿಲ್ಲ, ತಟ್ಟೆ ನೋಡಿ

ಕಳೆದ ವರ್ಷ ಹೊಲದಲ್ಲಿ ಹೆಸರುಕಾಳು ಬಿಡಿಸುವ ದಿನಗಳಲ್ಲಿ ಒಂದು ಮನೆಗೆ ಹೋಗಿದ್ದೆ. ‘ಇವಳಿಗೆ ಬಿಸ್ಕತ್ತಿನ ಬಯಕೆ ಹತ್ತಿದೆ ನೋಡು, ರೊಟ್ಟಿ ಎಂದರೆ ಮುಖ ತಿರುಗಿಸುತ್ತಾಳೆ’ ಎಂದು ಅತ್ತೆ ನಗುತ್ತ ಹೇಳಿದರು. ಹುಡುಗಿ ಆಗ ಉಣ್ಣುತ್ತಿದ್ದಳು. ರೊಟ್ಟಿಯ ಗಟ್ಟಿ ಅಂಚನ್ನೆಲ್ಲ ಸುತ್ತಲೂ ಮುರಿದು ತಟ್ಟೆಯ ಬದಿಗೆ ಇಟ್ಟಿದ್ದಳು. ನಡುವಿನ ಮೆತ್ತನೆಯ ಭಾಗವನ್ನು ಬೇಳೆಯಲ್ಲಿ ನೆನೆಸಿ, ಎಡದವಡೆಗೆ ಮಾತ್ರ ತುತ್ತು ಸರಿಸಿ, ಅಗಿಯದೆಯೇ ನುಂಗುತ್ತಿದ್ದಳು. ಮಡಿಕೆಕಾಳಿನ ಪಲ್ಯ ಬಡಿಸಿದ ಹಾಗೆಯೇ ಇತ್ತು. ನೀರಿನ ತಂಬಿಗೆ ಎತ್ತಿದಾಗಲೂ ತಲೆಯನ್ನು ಎಡಕ್ಕೆ ವಾಲಿಸಿದಳು.

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಕರೆದುಕೊಂಡು ಹೋಗಿ, ಮೊಬೈಲಿನ ಬೆಳಕು ಹಾಕಿ ನೋಡಿದೆ. ಬಲಗಡೆಯ ಎರಡು ದವಡೆ ಹಲ್ಲುಗಳ ನಡುವಿನ ಒಸಡು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಬುಡದಲ್ಲಿ ಹಳದಿ ಗಾರೆ ಕಟ್ಟಿತ್ತು, ಸಂದಿಯಲ್ಲಿ ಕೀವು.

‘ಎಷ್ಟು ದಿನವಾಯಿತು, ತಂಗಿ?’

‘ಒಂದೂವರೆ ತಿಂಗಳು.’

‘ಯಾರಿಗೂ ಹೇಳಲಿಲ್ಲವೇ?’

‘ಎಲ್ಲರೂ ಹೊಲಕ್ಕೆ ಹೋಗುವ ದಿನ ಅಕ್ಕಾ. ನನ್ನ ಹಲ್ಲು ಹಿಡಿದುಕೊಂಡು ಯಾರು ಕೂರುತ್ತಾರೆ?’

ಹೊಲದ ಕೆಲಸ ಬಿದ್ದ ದಿನಗಳಲ್ಲಿ ಬಸುರಿಯ ಜೊತೆಗೆ ಒಬ್ಬರು ಹೊರಟರೆ ಎರಡು ಕೂಲಿ ಹೋದಂತೆ. ಹುಡುಗಿಗೆ ಆ ಲೆಕ್ಕ ಗೊತ್ತಿತ್ತು, ಅದಕ್ಕೇ ನುಂಗಿಕೊಂಡಳು. ಅವಳ ಅತ್ತೆ ಕೆಟ್ಟವರಲ್ಲ. ದಿನಾಲೂ ಅದೇ ತಟ್ಟೆ ಬಡಿಸಿ, ಅದೇ ತಟ್ಟೆ ಎತ್ತಿಡುವವರಿಗೆ ಅಂಚು ಮುರಿದ ರೊಟ್ಟಿ ಬಯಕೆಯಾಗಿ ಕಂಡಿತು, ಅಷ್ಟೇ.

ಆದ್ದರಿಂದ ಮೊದಲ ಕೆಲಸ ನೋಡುವುದು. ರೊಟ್ಟಿ ಬಿಟ್ಟು ಅನ್ನ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಕೇಳುತ್ತಾಳೆಯೇ? ಒಂದೇ ಮಗ್ಗುಲಲ್ಲಿ ಅಗಿಯುತ್ತಾಳೆಯೇ? ಮುಖ ತೊಳೆದ ನೀರಿನಲ್ಲಿ ಕೆಂಪು ಇದೆಯೇ? ಮಾತಾಡುವಾಗ ಸೆರಗು ಬಾಯಿಗೆ ಹೋಗುತ್ತದೆಯೇ? ಬಾಯಿಯ ವಾಸನೆಗೆ ನಾಚಿ ಗಂಡನ ಹತ್ತಿರವೂ ಮುಖ ತಿರುಗಿಸಿ ಮಾತಾಡುವವರನ್ನು ಕಂಡಿದ್ದೇನೆ. ‘ಹಲ್ಲು ನೋಯುತ್ತದೆಯೇ’ ಎಂದು ಕೇಳಿದರೆ ‘ಇಲ್ಲ’ ಎನ್ನುತ್ತಾರೆ. ‘ಯಾವ ಕಡೆ ನೋಯುತ್ತದೆ’ ಎಂದು ಕೇಳಿ. ಬೆರಳು ತಾನಾಗಿ ಗಲ್ಲಕ್ಕೆ ಹೋಗುತ್ತದೆ.

ಮೂರು ತಿಂಗಳ ಕಿಂಡಿ

ಹಲ್ಲಿನ ಚಿಕಿತ್ಸೆಯನ್ನು ಬಸುರಿನ ಯಾವ ತಿಂಗಳಲ್ಲಿಯಾದರೂ ಮಾಡಬಹುದು. ನೋವು, ಕೀವು, ಬಾವು ಇದ್ದರೆ ಕಾಯಲೇಬಾರದು. ತುರ್ತಲ್ಲದ ಕೆಲಸಕ್ಕೆ, ಅಂದರೆ ಹಲ್ಲು ಶುಚಿ ಮಾಡಿಸುವುದು, ಹುಳುಕು ತುಂಬಿಸುವುದು ಇಂಥದ್ದಕ್ಕೆ, ನಾಲ್ಕನೆಯ ತಿಂಗಳಿಂದ ಆರನೆಯ ತಿಂಗಳವರೆಗೆ ಅನುಕೂಲ. ಮೊದಲ ಮೂರು ತಿಂಗಳು ವಾಕರಿಕೆ; ಕೊನೆಯ ತಿಂಗಳುಗಳಲ್ಲಿ ಹೊಟ್ಟೆ ಹೊತ್ತುಕೊಂಡು ಅಂಗಾತ ಮಲಗುವುದು ಕಷ್ಟ.

ಇದನ್ನು ನಮ್ಮ ಮನೆಗಳ ರೂಢಿಯ ಪಕ್ಕದಲ್ಲಿ ಇಟ್ಟು ನೋಡಿ. ಮೊದಲ ಮೂರು ತಿಂಗಳು ಬಸುರಿನ ಸುದ್ದಿಯನ್ನೇ ಹೊರಗೆ ಬಿಡುವುದಿಲ್ಲ, ದೃಷ್ಟಿ ತಾಗುತ್ತದೆ ಎಂದು. ಏಳರಲ್ಲಿ ಕುಬಸ, ಅಂದರೆ ಸೀಮಂತ; ಚೊಚ್ಚಲ ಬಸುರಾದರೆ ಅಲ್ಲಿಂದ ತವರಿಗೆ. ಹೆರಿಗೆಯಾದ ಮೇಲೆ ಮೂರರಿಂದ ಐದು ತಿಂಗಳು ಹೊಸ್ತಿಲು ದಾಟುವಂತಿಲ್ಲ. ಅಂದರೆ ಹಲ್ಲಿಗೆ ಸಿಗುವ ಕಿಂಡಿ ನಾಲ್ಕು, ಐದು, ಆರು ಮಾತ್ರ. ಅದೂ ಸುಗ್ಗಿಯಲ್ಲಿ ಬಿದ್ದರೆ ಮುಗಿಯಿತು. ಗಂಡ ಗೋವಾದಲ್ಲೋ ಮಂಗಳೂರಿನಲ್ಲೋ ದುಡಿಯುತ್ತಿದ್ದರೆ ‘ಅವನು ಹಬ್ಬಕ್ಕೆ ಬಂದಾಗ ನೋಡೋಣ’ ಎಂಬ ಮಾತು ಬೇರೆ.

ನಾನು ಮಾಡುವುದು ಹೀಗೆ. ಬಸುರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡ್ ಮಾಡಿಸಿದ ದಿನವೇ ಐದನೆಯ ತಿಂಗಳು ಯಾವಾಗ ಬೀಳುತ್ತದೆ ಎಂದು ಲೆಕ್ಕ ಹಾಕಿ, ಅವರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ‘ಹಲ್ಲು’ ಎಂದು ಬರೆದು ಬರುತ್ತೇನೆ. ಅಮಾವಾಸ್ಯೆ ನೋಡಲು ಅತ್ತೆ, ಗ್ಯಾಸಿನ ದಿನ ನೋಡಲು ಮಾವ, ಎಲ್ಲರೂ ಆ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಾರೆ. ಕಂಡ ಪದವನ್ನು ಕಾಣಲಿಲ್ಲ ಎನ್ನುವುದು ಕಷ್ಟ. ಪ್ರತಿ ತಿಂಗಳ 9ನೇ ತಾರೀಖಿಗೆ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ. ಅಂದು ಹೇಗೂ ಹೊರಡುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ಹೋಗುವವರಾದರೆ ಹೊಟ್ಟೆಯ ಜೊತೆಗೆ ಹಲ್ಲನ್ನೂ ತೋರಿಸಲು ಇನ್ನೊಂದು ಚೀಟಿ ಮಾಡಿಸಿದರೆ ಬೇರೆ ಕೂಲಿ ಕಳೆಯುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅತ್ತೆ, ಸೊಸೆ ಇಬ್ಬರೂ ಗುರುತಿನ ಚೀಟಿ ಹಿಡಿದು ಹತ್ತಿದರೆ ಆಯಿತು. ಬಸ್ ಚಾರ್ಜಿನ ನೆಪ ನಮ್ಮ ಓಣಿಯಲ್ಲಿ ಆ ದಿನವೇ ಸತ್ತಿತು. ಬೇರೆ ನೆಪಗಳು ಗಟ್ಟಿಮುಟ್ಟಾಗಿವೆ.

ಅತ್ತೆಯನ್ನು ಒಪ್ಪಿಸುವುದು

ಸೊಸೆಯ ಹಲ್ಲಿನಿಂದ ಮಾತು ತೆಗೆದರೆ ಸೋತಿರಿ. ಅತ್ತೆಯ ಹಲ್ಲಿನಿಂದ ತೆಗೆಯಿರಿ. ‘ನಿಮ್ಮವು ಎಷ್ಟು ಹೋಗಿವೆ ಅಕ್ಕಾರೇ, ಯಾವ ಬಸುರಿನಲ್ಲಿ ಯಾವುದು?’ ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳುತ್ತೇನೆ. ಒಂದು ತಾಸಿನ ಕಥೆ ಬರುತ್ತದೆ. ಯಾರೂ ತನ್ನನ್ನು ಕರೆದುಕೊಂಡು ಹೋಗಲಿಲ್ಲ, ರಾತ್ರಿಯೆಲ್ಲ ಗಲ್ಲಕ್ಕೆ ಬಿಸಿ ಅರಿವೆ ಒತ್ತಿಕೊಂಡು ಕುಳಿತಿದ್ದೆ ಎಂದು ಹೇಳುತ್ತ ಹೇಳುತ್ತ ಅವರ ಕಣ್ಣು ಸೊಸೆಯ ಕಡೆಗೆ ಹೋಗುತ್ತದೆ. ಆಗ ‘ಇಬ್ಬರೂ ಒಂದೇ ದಿನ ತೋರಿಸಿಕೊಂಡು ಬನ್ನಿ’ ಎಂದರೆ ಹತ್ತರಲ್ಲಿ ಏಳು ಮಂದಿ ಒಪ್ಪುತ್ತಾರೆ. ಇದು ನನ್ನ ಅನುಭವದ ಲೆಕ್ಕ, ಯಾವ ದಾಖಲೆಯಲ್ಲೂ ಇಲ್ಲ.

ಅವರ ಭಯಗಳಿಗೆ ಉತ್ತರ ನಿಮ್ಮ ಬಳಿ ಇರಬೇಕು. ಹಲ್ಲಿನ ಜಾಗ ಮರಗಟ್ಟಿಸಲು ಕೊಡುವ ಲಿಡೊಕೇನ್ ಸೂಜಿಯನ್ನು ಬಸುರಿಯರಿಗೆ ಕೊಡಬಹುದು. ಬೇಕೇಬೇಕಾದರೆ ಹಲ್ಲಿನ ಎಕ್ಸ್‌ರೇ ತೆಗೆಯಬಹುದು. ಕಿರಣ ಬೀಳುವುದು ಬಾಯಿಗೆ, ಕೂಸಿಗೆ ತಲುಪುವುದು ಅತ್ಯಲ್ಪ. ನೋವಿಗೆ ಪ್ಯಾರಾಸಿಟಮಾಲ್ ನಡೆಯುತ್ತದೆ. ಆದರೆ ಅಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೆರೆಸಿದ ಗುಳಿಗೆಗಳು ಬೇಡ, ಐದು ತಿಂಗಳು ತುಂಬಿದ ಮೇಲಂತೂ ಬೇಡವೇ ಬೇಡ. ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಜಾತಿಯ ಔಷಧದಿಂದ ಹುಟ್ಟುವ ಕೂಸಿನ ಹಲ್ಲಿಗೆ ಬಣ್ಣ ಹತ್ತುತ್ತದೆ. ‘ಸೂಜಿ ಬೇಡ’ ಎನ್ನುವ ಅತ್ತೆಯೇ ಕಿರಾಣಿ ಅಂಗಡಿಯ ನೋವಿನ ಗುಳಿಗೆಯನ್ನು ಕಣ್ಣು ಮುಚ್ಚಿ ಕೊಡುತ್ತಾರೆ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ.

ಸಂತೆಯಲ್ಲಿ ಹಲ್ಲಿನ ಹುಳ ತೆಗೆಯುವವರು ಕೂರುತ್ತಾರೆ. ಬೀಜದ ಹೊಗೆ ಹಿಡಿಸಿ ಅಂಗೈ ಮೇಲೆ ಬಿಳಿ ಹುಳ ಉದುರಿಸಿ ತೋರಿಸುತ್ತಾರೆ. ಹಲ್ಲಿನಲ್ಲಿ ಹುಳ ಇರುವುದಿಲ್ಲ. ಅದು ಅವರ ಬೆರಳ ಸಂದಿಯಲ್ಲಿ ಇರುತ್ತದೆ.

ಬಚ್ಚಲು, ಕನ್ನಡಿ, ಬ್ರಷ್

ಒಂದು ಮನೆಯ ಬಚ್ಚಲಿನಲ್ಲಿ ಏಳು ಜನಕ್ಕೆ ಮೂರು ಬ್ರಷ್ ಇದ್ದವು, ಹಂಚಿನ ಸಂದಿಯಲ್ಲಿ ಸಿಕ್ಕಿಸಿ. ‘ನಿನ್ನದು ಯಾವುದು?’ ಎಂದು ಕೇಳಿದ್ದಕ್ಕೆ ಸೊಸೆ ಕೂದಲು ನಾಲ್ಕೂ ದಿಕ್ಕಿಗೆ ಹರಡಿದ ಕೆಂಪು ಬ್ರಷ್ ತೋರಿಸಿ, ‘ಅವರದೇ, ಅವರು ಊರಿಗೆ ಹೋದಾಗ ನನ್ನದು’ ಎಂದಳು. ಕನ್ನಡಿಯ ತುಂಡು ಗಂಡಸರು ಗಡ್ಡ ಮಾಡಿಕೊಳ್ಳುವ ಎತ್ತರದಲ್ಲಿ ಹೊರಗಿನ ಗೋಡೆಗೆ ಇತ್ತು. ಅವಳು ತನ್ನ ಒಸಡನ್ನು ನೋಡಿಕೊಳ್ಳುವುದು ಎಲ್ಲಿ?

ಆದ್ದರಿಂದ ಗಂಡನಾದವನಿಗೆ ಮೊದಲ ಕೆಲಸ: ಮೆದು ಕೂದಲಿನ ಹೊಸ ಬ್ರಷ್ ಒಂದು, ಫ್ಲೋರೈಡ್ ಇರುವ ಪೇಸ್ಟ್ ಒಂದು, ಅಂಗೈಯಗಲದ ಕನ್ನಡಿ ಒಂದು. ಕಿರಾಣಿ ಚೀಟಿಯಲ್ಲಿ ಬರೆಯಿಸಿದರೆ ಚಹಾಪುಡಿಯ ಜೊತೆಗೆ ಬರುತ್ತದೆ. ಸಂಕೋಚದಿಂದ ಅವಳು ಕೇಳುವುದಿಲ್ಲ, ನೀವೇ ತನ್ನಿ. ಮೂರು ತಿಂಗಳಿಗೆ ಬ್ರಷ್ ಬದಲಿಸಿ. ಬೂದಿ, ಇದ್ದಿಲು, ಇಟ್ಟಿಗೆಯ ಪುಡಿ ಹಲ್ಲು ಸವೆಸುತ್ತವೆ. ಬೇವಿನ ಕಡ್ಡಿಯ ಮೇಲೆ ನನಗೆ ದ್ವೇಷವಿಲ್ಲ, ಆದರೆ ಊದಿದ ಒಸಡಿಗೆ ಅದು ಚುಚ್ಚುತ್ತದೆ, ಒಳಗಿನ ಹಲ್ಲಿಗೆ ತಲುಪುವುದೂ ಇಲ್ಲ.

ರಾತ್ರಿ ಹಲ್ಲುಜ್ಜುವುದು ಹೇಳಿದಷ್ಟು ಸುಲಭವಲ್ಲ. ಸೊಸೆ ಎಲ್ಲರಿಗಿಂತ ಕೊನೆಗೆ ಉಂಡು, ಪಾತ್ರೆ ತಿಕ್ಕಿ, ಒಲೆ ಸಾರಿಸಿ ಏಳುವಾಗ ಹತ್ತೂವರೆ. ಬಚ್ಚಲು ಹಿತ್ತಲಿನ ಕತ್ತಲಲ್ಲಿ. ಅಷ್ಟು ಹೊತ್ತಿಗೆ ಅವಳು ಅಲ್ಲಿಗೆ ಹೋಗಿ ಎರಡು ನಿಮಿಷ ಹಲ್ಲುಜ್ಜುತ್ತಾಳೆ ಎಂದು ನಂಬುವವರು ಒಂದು ದಿನ ಅವಳ ಜಾಗದಲ್ಲಿ ಇದ್ದು ನೋಡಲಿ. ಪಾತ್ರೆ ತೊಳೆಯುವ ಜಾಗದಲ್ಲೇ ಒಂದು ಡಬ್ಬಿಯಲ್ಲಿ ಬ್ರಷ್, ಪೇಸ್ಟ್ ಇಟ್ಟುಬಿಡಿ. ಕೊನೆಯ ತಟ್ಟೆ ತೊಳೆದ ಕೈಯಲ್ಲೇ ಹಲ್ಲೂ ಆಗುತ್ತದೆ. ನಮ್ಮ ಓಣಿಯಲ್ಲಿ ಇದೊಂದು ಮಾತನ್ನು ಜನ ನಿಜವಾಗಿ ಪಾಲಿಸಿದ್ದಾರೆ. ಇನ್ನೂ ಒಳ್ಳೆಯದೆಂದರೆ ಅವಳಿಗೆ ಎಲ್ಲರ ಜೊತೆ ಊಟ ಬಡಿಸುವುದು.

ಹಲ್ಲುಜ್ಜುವಾಗ ಕಡಲೆಕಾಳಿನಷ್ಟು ಪೇಸ್ಟ್ ಸಾಕು. ಬ್ರಷ್ಷನ್ನು ಹಲ್ಲು, ಒಸಡು ಕೂಡುವಲ್ಲಿ ಓರೆಯಾಗಿ ಇಟ್ಟು ಮೆಲ್ಲಗೆ ಆಡಿಸಬೇಕು. ರಕ್ತ ಬಂತೆಂದು ಬಿಡಬಾರದು. ಬಿಟ್ಟರೆ ಪಾಚಿ ಇನ್ನಷ್ಟು ಕಟ್ಟಿ ರಕ್ತ ಇನ್ನಷ್ಟು ಬರುತ್ತದೆ. ಪೇಸ್ಟಿನ ವಾಸನೆಗೇ ವಾಕರಿಕೆ ಬರುವವರು ಬೇರೆ ರುಚಿಯದನ್ನು ತರಿಸಲಿ, ಮಕ್ಕಳ ಚಿಕ್ಕ ಬ್ರಷ್ ಬಳಸಲಿ, ತಲೆ ಮುಂದಕ್ಕೆ ಬಗ್ಗಿಸಿ ಉಜ್ಜಲಿ. ಬೆಳಗಿನ ಜಾವ ಆಗದಿದ್ದರೆ ಹತ್ತು ಗಂಟೆಗೆ ಉಜ್ಜಲಿ. ‘ಮುಖ ತೊಳೆಯದೆ ಅಡುಗೆಮನೆಗೆ ಬಂದಳು’ ಎಂಬ ಮಾತನ್ನು ಒಂಬತ್ತು ತಿಂಗಳ ಮಟ್ಟಿಗೆ ಗಂಟು ಕಟ್ಟಿ ಅಟ್ಟದ ಮೇಲೆ ಇಡಿ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಮೂರನೆಯ ತಿಂಗಳಲ್ಲಿ ನನ್ನ ಸೊಸೆ ವಾಂತಿ ಮಾಡಿಕೊಂಡು ಬಂದಾಗಲೆಲ್ಲ ‘ಮೊದಲು ಹಲ್ಲುಜ್ಜಿ ಬಾ’ ಎಂದು ನಾನೇ ಬ್ರಷ್ ಕೈಗೆ ಕೊಡುತ್ತಿದ್ದೆ. ವಾಂತಿಯ ಜೊತೆಗೆ ಬರುವ ಹೊಟ್ಟೆಯ ಆಮ್ಲ ಹಲ್ಲಿನ ಮೇಲ್ಪದರವನ್ನು ಮೆತ್ತಗೆ ಮಾಡಿರುತ್ತದೆ, ಆಗಲೇ ಉಜ್ಜಿದರೆ ಅದು ಸವೆಯುತ್ತದೆ. ತರಬೇತಿಯಲ್ಲಿ ಕೇಳಿದ್ದ ವಿಷಯವೇ. ಮನೆಯ ಬಚ್ಚಲಿನ ಮುಂದೆ ಮರೆತೆ. ಒಂದು ಲೋಟ ನೀರಿಗೆ ಒಂದು ಸಣ್ಣ ಚಮಚ ಅಡುಗೆ ಸೋಡಾ ಕದಡಿ ಬಾಯಿ ಮುಕ್ಕಳಿಸಿ ಉಗುಳಬೇಕು, ಸೋಡಾ ಇಲ್ಲದಿದ್ದರೆ ಬರೀ ನೀರು. ಅರ್ಧ ತಾಸು ಬಿಟ್ಟು ಹಲ್ಲುಜ್ಜಬೇಕು. ಮಿರ್ಚಿ ಭಜಿಗೆಂದು ಪ್ರತಿ ಮನೆಯಲ್ಲೂ ಸೋಡಾ ಇರುತ್ತದೆ, ಹೊಸದಾಗಿ ತರಬೇಕಿಲ್ಲ.

ಬಯಕೆ, ಕುಬಸ, ಚಿಕ್ಕಿ

ಐದು ತಿಂಗಳು ದಾಟಿದರೆ ಓಣಿಯವರೆಲ್ಲ ಬಯಕೆಯ ಊಟ ತರುತ್ತಾರೆ. ಹೋಳಿಗೆ, ಕರದಂಟು, ಶೇಂಗಾದ ಉಂಡಿ, ಧಾರವಾಡಕ್ಕೆ ಹೋಗಿಬಂದವರಿಂದ ಪೇಡೆ. ಬೇಡ ಎನ್ನಲು ನಾನು ಯಾರು? ಒಮ್ಮೆ ಕುಳಿತು ನಾಲ್ಕು ಪೇಡೆ ತಿಂದರೆ ಹಲ್ಲಿಗೆ ಒಂದು ಪೆಟ್ಟು. ಅದೇ ನಾಲ್ಕನ್ನು ಇಡೀ ದಿನ ಚೂರು ಚೂರಾಗಿ ತಿಂದರೆ ನಾಲ್ಕು ಪೆಟ್ಟು. ಸಿಹಿಯನ್ನು ಊಟದ ಜೊತೆ ಕೊಡಿ, ಮೇಲೆ ನೀರು ಕುಡಿಸಿ. ತಲೆದಿಂಬಿನ ಪಕ್ಕ ಸಿಹಿಯ ಡಬ್ಬಿ ಇಡಬೇಡಿ. ಸಕ್ಕರೆ ಕಾಯಿಲೆ ಬಸುರಿನಲ್ಲಿ ಕಾಣಿಸಿಕೊಂಡವರಿಗೆ ಒಸಡು ಇನ್ನೂ ಬೇಗ ಕೆಡುತ್ತದೆ, ಅವರು ಇನ್ನೂ ಬಿಗಿ ಹಿಡಿಯಬೇಕು.

ಅಂಗನವಾಡಿಯ ಮಾತೃಪೂರ್ಣ ಊಟದಲ್ಲಿ, 2017ರ ಅಕ್ಟೋಬರ್ 2ರಂದು ಶುರುವಾದ ಯೋಜನೆ ಅದು, ಅನ್ನ, ಸಾರು, ಪಲ್ಯ, ಮೊಟ್ಟೆ, 200 ಮಿಲಿಲೀಟರ್ ಹಾಲಿನ ಜೊತೆಗೆ ಶೇಂಗಾ ಚಿಕ್ಕಿಯೂ ಇದೆ. ಚಿಕ್ಕಿ ಹಲ್ಲಿಗೆ ಅಂಟುವ ತಿನಿಸು. ಹಾಗೆಂದು ಬಿಡಿಸಬೇಡಿ, ಶೇಂಗಾ ಅವಳಿಗೆ ಬೇಕು. ಚಿಕ್ಕಿ ಮೊದಲು, ಹಾಲು ಆಮೇಲೆ ಎಂದು ಕ್ರಮ ಬದಲಿಸಿ, ಬಾಯಿ ಮುಕ್ಕಳಿಸಿದರೆ ಸಾಕು. ಕಬ್ಬಿಣದ ಗುಳಿಗೆಯಿಂದ ಹಲ್ಲು ಕಪ್ಪಾಗುತ್ತದೆ ಎಂದು ಕಸದ ಬುಟ್ಟಿಗೆ ಎಸೆಯುವವರಿದ್ದಾರೆ. ನುಂಗುವ ಗುಳಿಗೆಯಿಂದ ಹಲ್ಲು ಕಪ್ಪಾಗುವುದಿಲ್ಲ. ಅದನ್ನೂ ಕ್ಯಾಲ್ಸಿಯಂ ಗುಳಿಗೆಯನ್ನೂ ಒಟ್ಟಿಗೆ ಮಾತ್ರ ನುಂಗಬಾರದು, ನಡುವೆ ಕೆಲವು ತಾಸು ಇರಲಿ.

ಬಳಪ, ಮಣ್ಣು, ಒಲೆಯ ಬೂದಿ ತಿನ್ನುವ ಬಯಕೆಯನ್ನು ನಗೆಯಾಡಿ ಬಿಡಬೇಡಿ. ಬಳಪ ಕಡಿದು ಕಡಿದು ಹಲ್ಲು ಸವೆಯುತ್ತದೆ. ಜೊತೆಗೆ ಅದು ರಕ್ತ ಕಡಿಮೆ ಇರುವುದರ ಸೂಚನೆಯೂ ಆಗಿರಬಹುದು. ರಕ್ತ ಪರೀಕ್ಷೆ ಮಾಡಿಸಿ.

ಮಿಶ್ರಿ, ಅಂದರೆ ಸುಟ್ಟು ಪುಡಿ ಮಾಡಿದ ತಂಬಾಕು. ಹಲ್ಲುಜ್ಜುವ ನೆಪದಲ್ಲಿ ಇದನ್ನು ತಿಕ್ಕುವ ಹೆಂಗಸರು ನಮ್ಮ ಕಡೆ ಇದ್ದಾರೆ. ತಮ್ಮನ್ನು ಯಾರೂ ತಂಬಾಕು ತಿನ್ನುವವರ ಲೆಕ್ಕಕ್ಕೆ ಸೇರಿಸುವುದಿಲ್ಲ ಎಂದು ಅವರಿಗೆ ಗೊತ್ತು, ಕೇಳಿದರೆ ‘ನಾವು ತಂಬಾಕು ತಿನ್ನುವುದಿಲ್ಲ’ ಎನ್ನುತ್ತಾರೆ. ‘ಹಲ್ಲಿಗೆ ಏನು ತಿಕ್ಕುತ್ತೀರಿ?’ ಎಂದು ಕೇಳಬೇಕು. ತಂಬಾಕು ಕೂಸಿನ ತೂಕ ಇಳಿಸುತ್ತದೆ, ಒಸಡನ್ನು ಕೆಡಿಸುತ್ತದೆ. ಅತ್ತೆ ಡಬ್ಬಿ ತೆರೆದಾಗ ಸೊಸೆಯೂ ಬೆರಳು ಚಾಚುತ್ತಾಳೆ. ಬಿಡುವುದಾದರೆ ಇಬ್ಬರೂ ಬಿಡಬೇಕು.

ನೀರಿನ ಬಗ್ಗೆ ಎರಡು ಮಾತು. ಗದಗ ಜಿಲ್ಲೆಯ ಹಲವು ಊರುಗಳಲ್ಲಿ, ಮುಂಡರಗಿ ಕಡೆ ವಿಶೇಷವಾಗಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಬಸುರಿಯ ಬೆಳೆದ ಹಲ್ಲಿಗೆ ಹೊಸ ಕಲೆ ಹತ್ತುವುದಿಲ್ಲ, ಆದರೆ ಹುಟ್ಟಿದ ಕೂಸು ಎಂಟು ವರ್ಷದವರೆಗೆ ಕುಡಿಯುವ ನೀರು ಅದರ ಹಲ್ಲಿನ ಬಣ್ಣ ನಿರ್ಧರಿಸುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವುದು ಒಳ್ಳೆಯದು, ಆದರೆ ಆ 20 ಲೀಟರಿನ ಕ್ಯಾನನ್ನು ಬಸುರಿಯ ಸೊಂಟದ ಮೇಲೆ ಹೊರಿಸಬೇಡಿ.

ದವಾಖಾನೆಯ ದಿನ

ತಾಯಿ ಕಾರ್ಡ್, ನುಂಗುತ್ತಿರುವ ಗುಳಿಗೆಗಳ ಹಾಳೆ, ಗುರುತಿನ ಚೀಟಿ. ಹೊಟ್ಟೆಗೆ ಏನಾದರೂ ತಿಂದೇ ಹೊರಡಲಿ. ಹಲ್ಲಿನ ವೈದ್ಯರ ಮುಂದೆ ಮೊದಲ ಮಾತೇ ‘ಎಷ್ಟನೆಯ ತಿಂಗಳು’ ಎಂಬುದಾಗಿರಲಿ. ಬಿಪಿ, ಸಕ್ಕರೆ ಇದ್ದರೆ ಅದನ್ನೂ ಹೇಳಲಿ. ಆರು ತಿಂಗಳು ದಾಟಿದವರು ಕುರ್ಚಿಯಲ್ಲಿ ಪೂರ್ತಿ ಅಂಗಾತ ಮಲಗಬಾರದು. ಬಲಸೊಂಟದ ಕೆಳಗೆ ಮಡಚಿದ ಟವೆಲ್ ಇಟ್ಟು ಸ್ವಲ್ಪ ಎಡಕ್ಕೆ ವಾಲಿದರೆ ತಲೆ ಸುತ್ತುವುದಿಲ್ಲ. ಈ ಟವೆಲನ್ನು ಮನೆಯಿಂದಲೇ ಒಯ್ಯಿರಿ.

‘ಹೆರಿಗೆ ಆದ ಮೇಲೆ ಬನ್ನಿ’ ಎಂಬ ಉತ್ತರ ಇಂದಿಗೂ ಕೆಲವೆಡೆ ಸಿಗುತ್ತದೆ. ಜಗಳವಾಡಬೇಡಿ, ಹಿಂದಿರುಗಿಯೂ ಬರಬೇಡಿ. ನಿಮ್ಮ ಹೆರಿಗೆ ವೈದ್ಯರ ಹತ್ತಿರ ಹೋಗಿ ‘ಹಲ್ಲಿನ ಚಿಕಿತ್ಸೆ ಮಾಡಬಹುದು’ ಎಂದು ತಾಯಿ ಕಾರ್ಡಿನಲ್ಲೇ ಬರೆಯಿಸಿಕೊಂಡು ಮತ್ತೆ ಹೋಗಿ. ಬರಹಕ್ಕೆ ಬೆಲೆ ಇದೆ. ಅಲ್ಲಿಯೂ ಆಗದಿದ್ದರೆ ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜು ಇದೆ. ದೂರ ನಿಜ, ಬೆಳಗಿನ ಬಸ್ ಹಿಡಿಯಬೇಕು.

ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಆಗದಿದ್ದರೆ 9ನೇ ತಾರೀಖು, ಸುಗ್ಗಿ, ಅಮಾವಾಸ್ಯೆ ಯಾವುದನ್ನೂ ನೋಡಬೇಡಿ. ಅಂದೇ ಹೊರಡಿ.

ತವರಿಗೆ ಕಳಿಸುವಾಗ

ಅರ್ಧ ಚಿಕಿತ್ಸೆ ಇಲ್ಲಿ, ಇನ್ನರ್ಧ ತವರೂರಿನಲ್ಲಿ ಎಂದಾದರೆ ಎರಡೂ ಕಡೆ ಆಗುವುದಿಲ್ಲ. ಕುಬಸದ ಸೀರೆಯ ಜೊತೆಗೆ ವೈದ್ಯರು ಬರೆದ ಹಾಳೆಯೂ ಹೋಗಬೇಕು: ಯಾವ ಹಲ್ಲಿಗೆ ಏನು ಮಾಡಿದ್ದಾರೆ, ಏನು ಬಾಕಿ ಇದೆ.

ಬಾಣಂತನದ ಕಟ್ಟುಪಾಡುಗಳಲ್ಲಿ ಎಲ್ಲವನ್ನೂ ಮುರಿಯಲು ಹೊರಟರೆ ಒಂದನ್ನೂ ಮುರಿಯಲಾಗುವುದಿಲ್ಲ. ಕಿವಿಗೆ ಅರಿವೆ ಕಟ್ಟಲಿ, ಬಿಸಿ ನೀರೇ ಕೊಡಲಿ. ‘ಬಾಣಂತಿಯ ಹಲ್ಲು ಸಡಿಲ, ಬ್ರಷ್ ಮುಟ್ಟಿಸಬಾರದು’ ಎಂಬುದೊಂದನ್ನು ಬಿಡಿಸಿ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆದು ಬ್ರಷ್ ಆದರೆ ಅಜ್ಜಿಯರೂ ಒಪ್ಪುತ್ತಾರೆ. ಅಂಟಿನ ಉಂಡಿಯನ್ನು ಊಟದ ಕೊನೆಗೆ ಕೊಟ್ಟು ಬಾಯಿ ತೊಳೆಯಿಸಲಿ, ನಡುರಾತ್ರಿ ಹಾಲೂಡಿಸಲು ಎದ್ದಾಗಲೆಲ್ಲ ಬೇಡ. ಊಟದ ಮೇಲೆ ಎಲೆಯಡಿಕೆ ಕೊಡುವ ರೂಢಿಯಲ್ಲಿ ಅಡಿಕೆ, ತಂಬಾಕು ತೆಗೆದು ಎಲೆ ಮಾತ್ರ ಉಳಿಸಿ. ಅಡಿಕೆಯೂ ಕ್ಯಾನ್ಸರ್ ತರುವ ವಸ್ತು. ಮುಂದೆ ಕೂಸಿಗೆ ಅನ್ನ ಉಣ್ಣಿಸುವಾಗ ದೊಡ್ಡವರು ತಮ್ಮ ಬಾಯಿಯಲ್ಲಿ ಅಗಿದು ಕೊಡುವುದು, ಅದರ ಚಮಚ ಚೀಪಿ ಬಿಸಿ ನೋಡುವುದು ಬೇಡ. ಹುಳುಕು ಹಲ್ಲಿನ ರೋಗಾಣುಗಳು ಹಾಗೆಯೇ ಕೂಸಿನ ಬಾಯಿಗೆ ದಾಟುತ್ತವೆ.

ನನ್ನ ಸೊಸೆಗೆ ಐದರಲ್ಲಿ ಹಲ್ಲು ಶುಚಿ ಮಾಡಿಸಿ, ಒಂದು ಹುಳುಕು ತುಂಬಿಸಿಕೊಂಡು ಬಂದೆವು. ಮುಂದಿನ ವಾರ ಕುಬಸ. ಚೀಲದಲ್ಲಿ ಹಾಳೆ, ಹೊಸ ಬ್ರಷ್, ಸಣ್ಣ ಕನ್ನಡಿ, ಸೋಡಾದ ಪುಡಿಕೆ ಇಟ್ಟಾಗಿದೆ. ನಿನ್ನೆ ಬೀಗತಿಗೆ ಫೋನ್ ಮಾಡಿ ಮೇಲಿನದನ್ನೆಲ್ಲ ಅರ್ಧ ತಾಸು ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡು, ಕೊನೆಗೆ, ‘ಆಗಲಿ ಬೀಗತಿ, ಎಲ್ಲ ಮಾಡುತ್ತೇನೆ. ನಿಮ್ಮ ಬಲಗಡೆಯ ಹಲ್ಲು ಯಾವಾಗ ಕಟ್ಟಿಸಿಕೊಳ್ಳುತ್ತೀರಿ?’ ಎಂದರು. ಸೋಮವಾರ ಚೀಟಿ ಮಾಡಿಸಬೇಕು.